ಕನ್ನಡಕದ ಯಜಮಾನ: ಈಜಿಪ್ಟಿನ ಪ್ರಹಸನಕಾರ ಯಾಕೂಬ್ ಸನೂ

ದೊರೆಯನ್ನು ನಗಿಸಿ ಬಹುಮಾನ ಪಡೆದವರ ಕಥೆಗಳನ್ನು ನಾವೆಲ್ಲ ಚಿಕ್ಕಂದಿನಲ್ಲೇ ಕೇಳಿದ್ದೇವೆ. ಬೀರಬಲ್ಲನಿರಲಿ, ತೆನಾಲಿ ರಾಮಕೃಷ್ಣನಿರಲಿ, ಮುಲ್ಲಾ ನಸ್ರುದ್ದೀನನಿರಲಿ, ಎಷ್ಟೇ ಚುಚ್ಚಿದರೂ ಕೊನೆಯಲ್ಲಿ ಅರಸ ನಕ್ಕುಬಿಡುತ್ತಾನೆ, ಹೊನ್ನಿನ ಚೀಲ ಕೈಸೇರುತ್ತದೆ. ಕಥೆ ಅಲ್ಲಿಗೇ ಮುಗಿಯುವುದರಿಂದ ಮರುದಿನ ಏನಾಯಿತೆಂದು ನಾವು ಕೇಳುವುದಿಲ್ಲ. ಈಜಿಪ್ಟಿನ ಯಾಕೂಬ್ ಸನೂ ಅವರ ಬದುಕಿನಲ್ಲಿ ಮಾತ್ರ ಆ ಮರುದಿನವೂ ಇದೆ. 1870ರ ಸುಮಾರಿಗೆ ಕೈರೋದ ಖದೀವ್ ಇಸ್ಮಾಯಿಲನು ಅವರ ನಾಟಕಗಳನ್ನು ನೋಡಿ ನಕ್ಕು, 'ನೀನು ನಮ್ಮ ಮೊಲಿಯೇರ್' ಎಂದು ಕೊಂಡಾಡಿದ. ಎರಡು ವರ್ಷ ತುಂಬುವುದರೊಳಗೆ ಅದೇ ಇಸ್ಮಾಯಿಲ್ ಅವರ ರಂಗಮಂದಿರಕ್ಕೆ ಬೀಗ ಹಾಕಿಸಿದ. ಇನ್ನಾರು ವರ್ಷಗಳಲ್ಲಿ ಅವರು ದೇಶವನ್ನೇ ಬಿಡಬೇಕಾಯಿತು.

ಮೊಲಿಯೇರ್ 17ನೆಯ ಶತಮಾನದ ಫ್ರಾನ್ಸಿನ ಹಾಸ್ಯ ನಾಟಕಕಾರ. ಜಿಪುಣರನ್ನು, ಢೋಂಗಿ ಭಕ್ತರನ್ನು, ಸುಳ್ಳು ವೈದ್ಯರನ್ನು ರಂಗದ ಮೇಲೆ ತಂದು ನಿಲ್ಲಿಸಿ ನಗಿಸಿದವರು. ಅರಬಿ ರಂಗಭೂಮಿಯ ಆರಂಭಕ್ಕೂ ಅವರ ಹೆಸರಿಗೂ ಗಾಢವಾದ ನಂಟು. ಬೈರೂತಿನ ಮಾರೂನ್ ಅನ್ನಕ್ಕಾಶ್ ಎಂಬ ವರ್ತಕರು 1847-48ರಲ್ಲಿ ತಮ್ಮ ಮನೆಯಲ್ಲೇ ಆಡಿಸಿದ 'ಅಲ್ ಬಖೀಲ್' ಎಂಬ ನಾಟಕಕ್ಕೆ ಮೊಲಿಯೇರರ ಜಿಪುಣನೇ ಪ್ರೇರಣೆ. ಆಧುನಿಕ ಅರಬಿ ನಾಟಕದ ಇತಿಹಾಸವನ್ನು ಸಾಮಾನ್ಯವಾಗಿ ಅಲ್ಲಿಂದಲೇ ಬರೆಯಲಾಗುತ್ತದೆ. ಆದರೆ ನಕ್ಕಾಶರ ನಾಟಕ ಹಾಡು ಮತ್ತು ಪದ್ಯದ ನಾಟಕ. ಬೀದಿಯ ಮಾತನ್ನು ಬೀದಿಯವರ ಬಾಯಿಂದಲೇ ರಂಗದ ಮೇಲೆ ಆಡಿಸಿ ಒಂದು ನಗರವನ್ನೇ ಎಳೆದು ತಂದವರು ಸನೂ.

ಸನೂ ಹುಟ್ಟಿದ್ದು 1839ರಲ್ಲಿ, ಕೈರೋದಲ್ಲಿ, ಯಹೂದಿ ಮನೆತನದಲ್ಲಿ. ತಂದೆ ಇಟಲಿಯ ಲಿವೊರ್ನೊ ಮೂಲದವರು, ಮುಹಮ್ಮದ್ ಅಲಿ ಪಾಷಾನ ಕುಟುಂಬದ ರಾಜಕುಮಾರ ಅಹ್ಮದ್ ಯಕನನ ಬಳಿ ಸಲಹೆಗಾರರಾಗಿದ್ದವರು. ತಾಯಿ ಈಜಿಪ್ಟಿನವರೇ. ತಮ್ಮ ಹುಟ್ಟಿನ ಬಗ್ಗೆ ಸನೂ ಹೇಳಿಕೊಂಡಿರುವ ಒಂದು ಪ್ರಸಂಗವನ್ನು ಇಲ್ಲಿ ನೆನೆಯಲೇಬೇಕು. ತಾಯಿಗೆ ಹುಟ್ಟಿದ ಮಕ್ಕಳೆಲ್ಲ ಉಳಿಯದೆ ತೀರಿಕೊಂಡಿದ್ದರಂತೆ. ಕೈರೋದ ಶಅರಾನಿ ಮಸೀದಿಯ ಶೇಖರ ಬಳಿ ಹೋಗಿ ಅತ್ತರಂತೆ. 'ಈ ಬಾರಿ ಹುಟ್ಟುವ ಮಗ ಉಳಿಯುತ್ತಾನೆ, ಅವನನ್ನು ಇಸ್ಲಾಮಿನ ಪರವಾಗಿ ನಿಲ್ಲುವವನನ್ನಾಗಿ ಬೆಳೆಸು' ಎಂದು ಶೇಖರು ಹೇಳಿದರಂತೆ. ಆ ಹರಕೆಯಂತೆ ಹುಡುಗ ತೌರಾತಿನ ಜೊತೆಗೆ ಕುರ್‌ಆನನ್ನೂ ಕಲಿತ. ಯಹೂದಿ ತಾಯಿ, ಮುಸ್ಲಿಮ್ ಶೇಖ್, ಮಗುವಿನ ಜೀವಕ್ಕಾಗಿ ಒಂದು ಹರಕೆ. ದರ್ಗಾದ ಬಾಗಿಲಲ್ಲಿ ಎಲ್ಲ ಜಾತಿಯ ತಾಯಂದಿರನ್ನೂ ಕಂಡಿರುವ ನಮ್ಮ ನಾಡಿನ ಓದುಗರಿಗೆ ಇದರಲ್ಲಿ ಆಶ್ಚರ್ಯಪಡುವಂತಹುದು ಏನೂ ಕಾಣಲಾರದು. ಇಂದಿನ ಪಶ್ಚಿಮ ಏಷ್ಯಾದ ಸುದ್ದಿಗಳನ್ನು ಓದುತ್ತಾ ಇದನ್ನು ನೆನೆದರೆ ಮಾತ್ರ ಮನಸ್ಸು ಭಾರವಾಗುತ್ತದೆ.

ಹುಡುಗನ ಚುರುಕುತನ ಕಂಡ ರಾಜಕುಮಾರ ತನ್ನ ಖರ್ಚಿನಲ್ಲೇ ಅವರನ್ನು ಲಿವೊರ್ನೊಗೆ ಓದಲು ಕಳುಹಿಸಿದ. ಅಲ್ಲಿ ಮೂರು ವರ್ಷ. ಮರಳಿ ಬಂದು ಶ್ರೀಮಂತರ ಮಕ್ಕಳಿಗೆ ಪಾಠ ಹೇಳಿದರು, ಕೈರೋದ ಇಂಜಿನಿಯರಿಂಗ್ ಶಾಲೆಯಲ್ಲಿ ಭಾಷೆಗಳನ್ನು ಕಲಿಸಿದರು. ಇಟಲಿಯ ಗೋಲ್ಡೋನಿ, ಫ್ರಾನ್ಸಿನ ಮೊಲಿಯೇರ್, ಇಂಗ್ಲೆಂಡಿನ ಶೆರಿಡನ್ ಈ ಮೂವರು ಹಾಸ್ಯ ನಾಟಕಕಾರರನ್ನು ಆಯಾ ಭಾಷೆಯಲ್ಲೇ ಓದಿ ಅರಗಿಸಿಕೊಂಡರು.

ಆ ಕಾಲದ ಈಜಿಪ್ಟ್ ಹೇಗಿತ್ತೆಂದು ತಿಳಿಯದೆ ಅವರ ನಗುವಿನ ಬೆಲೆ ತಿಳಿಯುವುದಿಲ್ಲ. 1863ರಲ್ಲಿ ಅಧಿಕಾರಕ್ಕೆ ಬಂದ ಇಸ್ಮಾಯಿಲನಿಗೆ ತನ್ನ ದೇಶವನ್ನು ಯೂರೋಪಿನ ಒಂದು ತುಂಡಾಗಿ ಮಾಡಬೇಕೆಂಬ ಹಂಬಲ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಗಗನಕ್ಕೇರಿದ್ದ ಕಾಲ ಅದು. ಹಣ ಹರಿದು ಬಂತು. ಯುದ್ಧ ಮುಗಿದು ಬೆಲೆ ಇಳಿದರೂ ಖರ್ಚು ಇಳಿಯಲಿಲ್ಲ, ಸಾಲ ಬೆಳೆಯಿತು. ಅರಮನೆಗಳು, ಅಗಲ ರಸ್ತೆಗಳು, ಉದ್ಯಾನಗಳು ಎದ್ದವು. 1869ರ ನವೆಂಬರಿನಲ್ಲಿ ಸೂಯೆಜ್ ಕಾಲುವೆಯ ಉದ್ಘಾಟನೆ. ಅದಕ್ಕೆ ಬರುವ ಯೂರೋಪಿನ ಅತಿಥಿಗಳಿಗೆಂದು ಕೆಲವೇ ತಿಂಗಳಲ್ಲಿ ಬಹುಪಾಲು ಮರದಿಂದಲೇ ಕಟ್ಟಿದ ಒಪೆರಾ ಮಂದಿರ ಅದೇ ನವೆಂಬರ್ 1ರಂದು ವೆರ್ದಿಯ 'ರಿಗೊಲೆತ್ತೊ'ದೊಂದಿಗೆ ತೆರೆಯಿತು. ಇಟಲಿಯ ಗಾಯಕರು, ಫ್ರಾನ್ಸಿನ ನಟರು ಬಂದರು. ಅಲ್ಲಿ ಈಜಿಪ್ಟಿನವರ ಮಾತೊಂದನ್ನು ಬಿಟ್ಟು ಉಳಿದೆಲ್ಲವೂ ಇತ್ತು.

ಹಾಗೆಂದ ಮಾತ್ರಕ್ಕೆ ಈಜಿಪ್ಟಿನವರಿಗೆ ನಾಟಕವೇ ಗೊತ್ತಿರಲಿಲ್ಲ ಎನ್ನುವುದು ಯೂರೋಪಿನವರ ಕಣ್ಣಿನ ದೋಷ. ತೊಗಲು ಬೊಂಬೆಯ ನೆರಳಾಟ ಅಲ್ಲಿ ಶತಮಾನಗಳಿಂದ ಇತ್ತು. ಮದುವೆ, ಮುಂಜಿಗಳಲ್ಲಿ ಆಶುಪ್ರಹಸನ ಆಡುವ ತಂಡಗಳಿದ್ದವು. ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್ 1836ರ ತನ್ನ ಪುಸ್ತಕದಲ್ಲಿ ಅಂಥದೊಂದು ಆಟವನ್ನು ವಿವರಿಸಿದ್ದಾನೆ. ಅದು ಮುಹಮ್ಮದ್ ಅಲಿ ಪಾಷಾನ ಎದುರಿಗೇ ನಡೆದದ್ದು. ಅವಾದ್ ಎಂಬ ಬಡ ರೈತ ಸರ್ಕಾರಕ್ಕೆ ಸಾವಿರ ಪಿಯಾಸ್ತರ್ ಕಂದಾಯ ಬಾಕಿ. ಕಟ್ಟಿರುವುದು ಐದೇ. ಅಧಿಕಾರಿಗಳು ಅವನನ್ನು ನೆಲಕ್ಕೆ ಕೆಡವಿ ಬಾರಿಸುತ್ತಾರೆ, ಸೆರೆಗೆ ತಳ್ಳುತ್ತಾರೆ. ಹೆಂಡತಿ ಗುಮಾಸ್ತನಿಗೆ ತಿಂಡಿ, ಮೊಟ್ಟೆ ಕೊಟ್ಟು, ಊರ ಮುಖ್ಯಸ್ಥನಿಗೆ ಕಾಸು ಕೊಟ್ಟು, ಮೇಲಧಿಕಾರಿಗೆ ಅದಕ್ಕಿಂತ ದೊಡ್ಡದನ್ನು ತೆತ್ತು ಗಂಡನನ್ನು ಬಿಡಿಸಿಕೊಂಡು ಬರುತ್ತಾಳೆ. ಕಂದಾಯ ವಸೂಲಿಯ ಕ್ರೌರ್ಯವನ್ನು ದೊರೆಯ ಕಣ್ಣಿಗೆ ಬೀಳಿಸಲೆಂದೇ ಈ ಆಟ ಆಡಿದ್ದೆಂದು ಲೇನ್ ಬರೆಯುತ್ತಾನೆ. ಸನೂ ಅವರ ನಗುವಿನ ತಾಯಿಬೇರು ಪ್ಯಾರಿಸಿನಲ್ಲಿ ಎಷ್ಟಿದೆಯೋ ಈ ಅವಾದನ ಆಟದಲ್ಲೂ ಅಷ್ಟೇ ಇದೆ ಎಂಬುದು ನಮ್ಮ ಅನಿಸಿಕೆ.

1870ರಲ್ಲಿ ಸನೂ ತಮ್ಮ ತಂಡ ಕಟ್ಟಿದರು. ಅಜ್ಬಕಿಯಾ ಉದ್ಯಾನದಲ್ಲಿ ಸಂಗೀತ ನಡೆಯುತ್ತಿದ್ದ ಒಂದು ಕಾಫಿಗೃಹದ ವೇದಿಕೆಯೇ ಅವರ ರಂಗಮಂದಿರ. ನಟರೆಂದರೆ ಅವರ ಶಿಷ್ಯರೇ. ಹೆಣ್ಣಿನ ಪಾತ್ರಗಳಿಗೆ ಮೊದಮೊದಲು ಹುಡುಗರೇ ಸೀರೆ ಉಡುವಂತೆ, ಅಂದರೆ ಅಲ್ಲಿಯ ಉಡುಪು ತೊಡುವಂತೆ, ವೇಷ ಹಾಕುತ್ತಿದ್ದರು. ಕೆಲವೇ ಸಮಯದಲ್ಲಿ ಇಬ್ಬರು ಬಡ ಹುಡುಗಿಯರನ್ನು ಹುಡುಕಿ ತಂದು, ಅಕ್ಷರವೇ ಗೊತ್ತಿಲ್ಲದ ಅವರಿಗೆ ಓದು ಕಲಿಸಿ ರಂಗಕ್ಕೆ ಇಳಿಸಿದ್ದಾಗಿ ಸನೂ ಹೇಳಿಕೊಂಡಿದ್ದಾರೆ. ಎರಡು ವರ್ಷದಲ್ಲಿ 32 ನಾಟಕ ಬರೆದೆನೆಂಬುದೂ ಅವರದೇ ಲೆಕ್ಕ. ಇಂದು ಉಳಿದಿರುವುದು ಬೆರಳೆಣಿಕೆಯಷ್ಟು.

ಉಳಿದವುಗಳಲ್ಲಿ ಏನಿದೆ? 'ಬೂರ್ಸತ್ ಮಿಸ್ರ್' ಎಂಬುದು ಕೈರೋದ ಷೇರುಪೇಟೆಯ ಕಥೆ. ಸಾಹುಕಾರನ ಮಗಳಿಗೆ ಇಬ್ಬರು ವರರು, ಒಬ್ಬನ ಕಣ್ಣು ಹುಡುಗಿಯ ಮೇಲೆ, ಇನ್ನೊಬ್ಬನದು ಅವಳಪ್ಪನ ತಿಜೋರಿಯ ಮೇಲೆ. 'ಅಲ್ ಅಲೀಲ್'ನಲ್ಲಿ ಒಬ್ಬ ರೋಗಿ ತನ್ನನ್ನು ಗುಣಪಡಿಸಿದವನಿಗೇ ಮಗಳನ್ನು ಕೊಡುವೆನೆಂದು ಹರಕೆ ಹೊತ್ತು ಮಗಳ ಪ್ರೀತಿಗೆ ಕಲ್ಲು ಹಾಕುತ್ತಾನೆ. ಇದರಲ್ಲಿ ಹೆಲ್ವಾನಿನ ಗಂಧಕದ ಬಿಸಿನೀರಿನ ಸ್ನಾನಕ್ಕೂ ಒಂದು ಪಾತ್ರವಿದೆ, ವೈದ್ಯನ ಹೆಸರೇ ಡಾಕ್ಟರ್ ಗಂಧಕ! 'ಅಲೆಕ್ಸಾಂಡ್ರಿಯದ ರಾಜಕುಮಾರಿ'ಯಲ್ಲಿ ಫ್ರೆಂಚ್ ಫ್ಯಾಷನ್ನಿಗೆ ಮಾರುಹೋದ ತಾಯಿ ತನ್ನ ಮಗಳಿಗೆ ಫ್ರೆಂಚ್ ಅಳಿಯನೇ ಬೇಕೆಂದು ಹಟ ಹಿಡಿಯುತ್ತಾಳೆ. ಮಗಳು ಮೆಚ್ಚಿದ ಊರ ಹುಡುಗ ಫ್ರೆಂಚನ ವೇಷ ಹಾಕಿ ಬಂದು ಅತ್ತೆಯ ಮನಸ್ಸು ಗೆಲ್ಲುತ್ತಾನೆ. 'ಅಬೂ ರೀದಾ' ಒಬ್ಬ ನೂಬಿಯನ್ ಆಳಿನ ಪ್ರೇಮಕಥೆ. ಪ್ರವಾಸಿಗೂ ಕತ್ತೆ ಬಾಡಿಗೆಯವನಿಗೂ ನಡೆಯುವ ಚಿಕ್ಕ ಆಟವೊಂದರಲ್ಲಿ ಇಂಗ್ಲಿಷ್ ದೊರೆಯ ಮುರುಕು ಅರಬಿಯೇ ನಗೆಯ ಬುತ್ತಿ.

ಕಥೆಗಳು ಸರಳ, ಕೆಲವು ಕಡೆ ತೀರ ತೆಳು. ಆದರೆ ಮಾತು? ಗ್ರಂಥದ ಅರಬಿಯನ್ನು ಬದಿಗಿಟ್ಟು ಮನೆಯ, ಸಂತೆಯ, ಅಡಿಗೆಮನೆಯ ಅರಬಿಯನ್ನು ಅವರು ರಂಗಕ್ಕೆ ತಂದರು. ನೂಬಿಯನ್ ಆಳಿನ ಅರಬಿ ಒಂದು ಬಗೆ, ಯೂರೋಪಿಯನ್ನನದು ಇನ್ನೊಂದು ಬಗೆ. ಸುಮಾರು ಅರ್ಧ ಶತಮಾನದ ನಂತರ ನಮ್ಮ ಟಿ.ಪಿ. ಕೈಲಾಸಂ ಅವರು ಇಂಗ್ಲಿಷ್ ಬೆರೆತ ಬೆಂಗಳೂರಿನ ಮನೆಮಾತನ್ನು ಕಂಪನಿ ನಾಟಕಗಳ ಗ್ರಾಂಥಿಕ ಕನ್ನಡಕ್ಕೆ ಎದುರಾಗಿ ನಿಲ್ಲಿಸಿದರಲ್ಲ, ಅದನ್ನು ನೆನೆದರೆ ಈ ಕೆಲಸದ ಸ್ವರೂಪ ತಿಳಿಯುತ್ತದೆ. ಅರಬಿಯಲ್ಲಿ ಇದು ಇನ್ನೂ ಕಠಿಣ. ಅಲ್ಲಿ ಬರೆಹದ ಭಾಷೆಗೆ ಕುರ್‌ಆನಿನ ಭಾಷೆಯೆಂಬ ಗೌರವವಿದೆ. ಆಡುಮಾತನ್ನು ಅಚ್ಚಿಗಿಳಿಸುವುದನ್ನೇ ಕೀಳೆಂದು ಭಾವಿಸುವ ಪಂಡಿತರು ಇದ್ದರು. 'ಜನ ಹೇಗೆ ಮಾತನಾಡುತ್ತಾರೋ ಹಾಗೆ ತೋರಿಸುವುದೇ ಪ್ರಹಸನ' ಎಂಬುದು ಸನೂ ಅವರ ನಿಲುವಾಗಿತ್ತು.

ಪ್ರೇಕ್ಷಕರೂ ಸುಮ್ಮನೆ ಕೂರುವವರಲ್ಲ. ಪಾತ್ರಗಳಿಗೆ ಬುದ್ಧಿ ಹೇಳುವುದು, ಬೈಯುವುದು, ನಟ ತಿರುಗಿ ಉತ್ತರಿಸುವುದು ಎಲ್ಲ ನಡೆಯುತ್ತಿತ್ತು. ಒಂದು ನಾಟಕದಲ್ಲಿ ಹಲವರೊಡನೆ ಚೆಲ್ಲಾಟವಾಡುವ ಹುಡುಗಿಯೊಬ್ಬಳು ಕೊನೆಗೆ ಮದುವೆಯಿಲ್ಲದೆ ಉಳಿಯುತ್ತಾಳೆ. ನೀತಿಪಾಠ ಚೆನ್ನಾಗಿಯೇ ಇತ್ತು. ಜನ ಒಪ್ಪಲಿಲ್ಲ. ಆ ಹುಡುಗಿಗೆ ಒಬ್ಬ ಗಂಡನನ್ನು ಹುಡುಕಿ ಕೊಡದಿದ್ದರೆ ನಾವು ಮತ್ತೆ ಬರುವುದಿಲ್ಲವೆಂದು ಹಟ ಹಿಡಿದರು. ಸನೂ ಕೊನೆಯನ್ನೇ ತಿದ್ದಿ ಮದುವೆ ಮಾಡಿಸಿದರು. ತಪ್ಪು ಮಾಡಿದ ಹೆಣ್ಣನ್ನು ಶಿಕ್ಷಿಸಬೇಕೆಂದು ನಾಟಕಕಾರ ಹೊರಟರೆ, ಹೋಗಲಿ ಬಿಡಿ ಎಂದವರು ಕಾಫಿಗೃಹದ ಜನ! ಪರಂಪರೆಯ ಸಮಾಜ ಎಂದೊಡನೆ ಕಲ್ಲು ಹೃದಯವನ್ನೇ ಕಲ್ಪಿಸುವವರು ಇದನ್ನು ಗಮನಿಸಬೇಕು.

ಇನ್ನು ಅರಮನೆಯ ಆ ರಾತ್ರಿ. ಸನೂ ಅವರೇ ಹೇಳಿಕೊಂಡಂತೆ, ಖದೀವ್ ಇಸ್ಮಾಯಿಲನು ತಂಡವನ್ನು ನೈಲ್ ದಂಡೆಯ ಕಸ್ರುನ್ನೀಲ್ ಅರಮನೆಗೆ ಕರೆಸಿದ. ಮೂರು ಆಟಗಳು. ಮೊದಲ ಎರಡು ಆಧುನಿಕ ಹುಡುಗಿಯೊಬ್ಬಳನ್ನೂ ಕೈರೋದ ಶೋಕಿಲಾಲನೊಬ್ಬನನ್ನೂ ಹಾಸ್ಯ ಮಾಡಿದವು. ದೊರೆ ಹೊಟ್ಟೆ ಹಿಡಿದು ನಕ್ಕ, ಮೊಲಿಯೇರ್ ಎಂಬ ಬಿರುದು ಆಗಲೇ ಬಂದದ್ದು. ಮೂರನೆಯದು 'ಅದ್ದರ್ರತೈನ್', ಅಂದರೆ ಇಬ್ಬರು ಸವತಿಯರು. ಅರಬಿಯಲ್ಲಿ ಸವತಿ ಎಂಬ ಪದ 'ಹಾನಿ' ಎಂಬ ಅರ್ಥದ ಧಾತುವಿನಿಂದಲೇ ಬಂದದ್ದು. ಮನೆಯಲ್ಲಿ ಹೆಂಡತಿಯಿರುವಾಗಲೇ ಇನ್ನೊಬ್ಬಳನ್ನು ತಂದ ಗಂಡಿನ ಪಾಡು ಈ ಆಟದ ವಸ್ತು. ಇಬ್ಬರ ಜಗಳದ ನಡುವೆ ಅವನ ಮನೆ ರಣರಂಗವಾಗುತ್ತದೆ. ಖದೀವನ ಮುಖ ಬಿಗಿಯಿತು. ಅವನ ಅಂತಃಪುರದಲ್ಲಿ ಹಲವು ಪತ್ನಿಯರಿದ್ದರು. ಒಬ್ಬಳಿಗಿಂತ ಹೆಚ್ಚು ಹೆಂಡಿರನ್ನು ಸಂಭಾಳಿಸುವ ತಾಕತ್ತು ನಿನಗಿಲ್ಲದಿದ್ದರೆ ಇತರರನ್ನೇಕೆ ತಡೆಯುತ್ತೀಯೆ ಎಂಬರ್ಥದ ಒರಟು ಮಾತನ್ನು ಆಡಿ ಎದ್ದನಂತೆ.

ಇಲ್ಲಿ ನಾವು ತುಸು ನಿಲ್ಲಬೇಕು. ಒಬ್ಬ ಯಹೂದಿ ಮುಸ್ಲಿಮರ ಮನೆಯೊಳಗಿನ ವಿಷಯವನ್ನು ನಗೆಗೀಡು ಮಾಡಿದ, ಅದಕ್ಕೇ ದೊರೆಗೆ ಕೋಪ ಬಂತು ಎಂದು ಈ ಪ್ರಸಂಗವನ್ನು ಸುಲಭವಾಗಿ ಓದಿಬಿಡಬಹುದು. ಆದರೆ ಇಸ್ಮಾಯಿಲನ ಉತ್ತರದಲ್ಲಿ ಧರ್ಮದ ಸೊಲ್ಲೇ ಇಲ್ಲ, ಇರುವುದು ಗಂಡಸಿನ ಜಂಬ ಮಾತ್ರ. ಬಹುಪತ್ನಿತ್ವಕ್ಕೆ ಇಸ್ಲಾಮ್ ಇಟ್ಟಿರುವ ನ್ಯಾಯದ ಶರತ್ತು ಅಂತಃಪುರದ ಒಡೆಯನಿಗೆ ನೆನಪಾಗಲಿಲ್ಲ. ಅದನ್ನು ನೆನಪಿಸಿದವರು ಅಲ್ ಅಜ್‌ಹರಿನಲ್ಲಿ ಓದಿದ ಶೇಖ್ ಮುಹಮ್ಮದ್ ಅಬ್ದುಹು. 1881ರಲ್ಲಿ ಸರ್ಕಾರಿ ಪತ್ರಿಕೆಯಲ್ಲೇ ಲೇಖನ ಬರೆದು, ನ್ಯಾಯ ಪಾಲಿಸಲಾರದವನಿಗೆ ಎರಡನೆಯ ಮದುವೆಯ ಹಕ್ಕಿಲ್ಲವೆಂದು ಅವರು ವಾದಿಸಿದರು. ಈ ಅಬ್ದುಹು ಸನೂ ಅವರ ಒಡನಾಡಿಯಾಗಿದ್ದರು ಎಂಬುದು ಗಮನಾರ್ಹ. ಪ್ರಹಸನಕಾರ ನಗೆಯಲ್ಲಿ ಹೇಳಿದ್ದನ್ನು ಒಂದು ದಶಕದ ಬಳಿಕ ಆಲಿಮರು ಶಾಸ್ತ್ರದಲ್ಲಿ ಹೇಳಿದರು. ಸನೂ ಹೊರಗಿನವರಾಗಿ ನಕ್ಕವರಲ್ಲ. ಅದೇ ಓಣಿಯಲ್ಲಿ ಬೆಳೆದು, ಅದೇ ಮಾತಾಡಿ, ತನ್ನವರೊಡನೆ ತನ್ನವರ ಬಗ್ಗೆ ನಕ್ಕವರು. ಹೊರಗಿನವರ ಅಣಕಕ್ಕೂ ಒಳಗಿನವರ ನಗೆಗೂ ಇರುವ ಅಂತರ ಕಾಫಿಗೃಹದ ಜನರಿಗೆ ತಿಳಿದಿತ್ತು.

1872ರಲ್ಲಿ ರಂಗಮಂದಿರ ಮುಚ್ಚಿತು. ಕಾರಣಗಳು ಹಲವು ಕೇಳಿಬಂದಿವೆ. 'ದೇಶ ಮತ್ತು ಸ್ವಾತಂತ್ರ್ಯ' ಎಂಬ ನಾಟಕ ಆಸ್ಥಾನದ ಭ್ರಷ್ಟತೆಯನ್ನು ಮುಟ್ಟಿತೆಂಬುದು ಒಂದು, ಯೂರೋಪಿಯನ್ ನಾಟಕ ಮಂದಿರದ ಮೇಲ್ವಿಚಾರಕರ ಅಸೂಯೆಯೆಂಬುದು ಇನ್ನೊಂದು. ಇವೆಲ್ಲದರಲ್ಲೂ ಸನೂ ಅವರ ನೆನಪೇ ಮುಖ್ಯ ಆಧಾರ, ಮತ್ತು ತಮ್ಮ ಬಗ್ಗೆ ಹೇಳುವಾಗ ಅವರು ಉಪ್ಪು ಖಾರ ಕಡಿಮೆ ಹಾಕುವವರಲ್ಲ. ಈ ಕಾರಣಕ್ಕೆ ಅವರ ರಂಗಭೂಮಿಯನ್ನೇ ಸಂಶಯಿಸಿದ ಈಜಿಪ್ಟಿನ ವಿದ್ವಾಂಸರೂ ಇದ್ದಾರೆ. ಆದರೆ ಆ ಕಾಲದ ಪತ್ರಿಕೆಗಳಲ್ಲಿ ಪ್ರದರ್ಶನಗಳ ಉಲ್ಲೇಖಗಳು ಸಿಕ್ಕಿರುವುದರಿಂದ ಆಟಗಳು ನಡೆದದ್ದು ನಿಜವೆಂದೇ ನಾವು ಒಪ್ಪುತ್ತೇವೆ. ಅರಮನೆಯ ಸಂಭಾಷಣೆಗಳನ್ನು ಮಾತ್ರ ಒಬ್ಬ ನಾಟಕಕಾರ ಬರೆದ ಸಂಭಾಷಣೆಗಳೆಂದೇ ಓದುವುದು ಒಳ್ಳೆಯದು.

ರಂಗ ಹೋಯಿತು, ನಗು ಹೋಗಲಿಲ್ಲ. ಜಮಾಲುದ್ದೀನ್ ಅಫ್ಘಾನಿಯವರು 1871ರಲ್ಲಿ ಕೈರೋಕ್ಕೆ ಬಂದು ನೆಲೆಸಿದ್ದರು. ಅವರ ಸುತ್ತ ಸೇರುತ್ತಿದ್ದ ಯುವಕರಲ್ಲಿ ಮುಸ್ಲಿಮರು, ಕ್ರೈಸ್ತರು, ಈ ಯಹೂದಿ, ಎಲ್ಲರೂ ಇದ್ದರು. ಅಷ್ಟರಲ್ಲಿ ದೇಶದ ಸಾಲ ಕುತ್ತಿಗೆಗೆ ಬಂದಿತ್ತು. 1875ರಲ್ಲಿ ಕಾಲುವೆಯ ಷೇರುಗಳನ್ನು ಸುಮಾರು 40 ಲಕ್ಷ ಪೌಂಡಿಗೆ ಬ್ರಿಟನ್ನಿಗೆ ಮಾರಿದ್ದಾಗಿತ್ತು. 1876ರ ಹೊತ್ತಿಗೆ ಸಾಲ ಸುಮಾರು 9 ಕೋಟಿ ಪೌಂಡ್. ವಸೂಲಿಗೆ ಯೂರೋಪಿನವರೇ ಬಂದು ಕೂತರು. ತೆರುವವನು ಲೇನ್ ಕಂಡ ಅದೇ ಅವಾದ್. ಆಡುಮಾತಿನಲ್ಲಿ ಒಂದು ನಗೆಪತ್ರಿಕೆ ತರಬೇಕೆಂದು ಅಫ್ಘಾನಿ ಮತ್ತು ಅಬ್ದುಹು ಹುರಿದುಂಬಿಸಿದರು. ಪತ್ರಿಕೆಯ ಹೆಸರಿನ ಬಗ್ಗೆ ಸನೂ ಒಂದು ಕಥೆ ಹೇಳುತ್ತಾರೆ. ಅಫ್ಘಾನಿಯವರ ಮನೆಯಿಂದ ಹೊರಬಿದ್ದಾಗ ಕತ್ತೆ ಬಾಡಿಗೆಯ ಹುಡುಗರು ಮುತ್ತಿಕೊಂಡರು. ಅವರಲ್ಲೊಬ್ಬ 'ಓ ನೀಲಿ ಕನ್ನಡಕದ ಯಜಮಾನರೇ' ಎಂದು ಕೂಗಿದ. ಅರಬಿಯಲ್ಲಿ ಅಬೂ ನದ್ದಾರಾ ಜರ್ಕಾ. ಹೆಸರು ಸಿಕ್ಕಿತು!

1877ರಲ್ಲಿ ಹೊರಟ ಆ ಪತ್ರಿಕೆ 15 ಸಂಚಿಕೆ ಕಂಡಿತು, ನಂತರ ನಿಷೇಧ. 1878ರ ಜೂನಿನಲ್ಲಿ ಸನೂ ಅಲೆಕ್ಸಾಂಡ್ರಿಯದಿಂದ ಹಡಗು ಹತ್ತಿದರು. ಪ್ಯಾರಿಸಿನಿಂದ ಕೈಬರಹದ ಕಲ್ಲಚ್ಚಿನಲ್ಲಿ, ವ್ಯಂಗ್ಯಚಿತ್ರಗಳೊಂದಿಗೆ ಪತ್ರಿಕೆ ಮತ್ತೆ ಹೊರಟಿತು. ಒಂದು ಹೆಸರು ನಿಷೇಧವಾದರೆ ಇನ್ನೊಂದು ಹೆಸರು. ಕದ್ದುಮುಚ್ಚಿ ಈಜಿಪ್ಟಿಗೆ ಬಂದ ಪ್ರತಿಗಳನ್ನು ಓದುಬಲ್ಲವನು ಓದಿ ಹತ್ತು ಮಂದಿಗೆ ಕೇಳಿಸುತ್ತಿದ್ದ. ಅದರ ತುಂಬ ಪುಟ್ಟ ಪುಟ್ಟ ಸಂಭಾಷಣೆಗಳು, 'ಆಟ'ಗಳು. ಕಾಫಿಗೃಹದ ವೇದಿಕೆ ಈಗ ಎರಡು ಹಾಳೆಯ ಕಾಗದಕ್ಕೆ ಬಂದಿತ್ತು. ಇಸ್ಮಾಯಿಲನ ಪಾತ್ರದ ಹೆಸರು 'ಶೇಖುಲ್ ಹಾರಾ', ಓಣಿಯ ಯಜಮಾನ! ಬಡ ರೈತನ ಹೆಸರು 'ಅಬುಲ್ ಗುಲ್ಬ್', ಗೋಳಿನಪ್ಪ. ಪ್ರೇಕ್ಷಕರ ಎದುರು ಆಡಿಸಿದ ನಾಟಕಗಳಿಗಿಂತ ಹೀಗೆ ಪ್ರೇಕ್ಷಕರಿಲ್ಲದೆ ಬರೆದ ಈ ಆಟಗಳೇ ಹೆಚ್ಚು ಹರಿತವಾಗಿವೆ.

1879ರ ಜೂನಿನಲ್ಲಿ ಇಸ್ಮಾಯಿಲನೂ ಸಿಂಹಾಸನ ಕಳೆದುಕೊಂಡು ದೇಶ ಬಿಟ್ಟ. ಇಳಿಸಿದ್ದು ಅವನ ಪ್ರಜೆಗಳಲ್ಲ, ಸಾಲ ಕೊಟ್ಟವರು. ಅದೇ ವರ್ಷ ಅಫ್ಘಾನಿಯವರೂ ಗಡಿಪಾರಾಗಿ ನಮ್ಮ ಹೈದರಾಬಾದಿಗೆ ಬಂದರು. ಕಲಬುರಗಿ, ಬೀದರ್, ರಾಯಚೂರುಗಳೆಲ್ಲ ಆಗ ನಿಜಾಮನ ಆಳ್ವಿಕೆಯಲ್ಲೇ ಇದ್ದವಷ್ಟೆ. 1882ರಲ್ಲಿ ಬ್ರಿಟಿಷ್ ಸೇನೆ ಈಜಿಪ್ಟನ್ನು ಹಿಡಿಯಿತು. ಸನೂ ಅವರ ಬಾಣ ಅತ್ತ ತಿರುಗಿತು. 1910ರವರೆಗೂ ಒಂದಲ್ಲ ಒಂದು ಹೆಸರಿನಲ್ಲಿ ಬರೆಯುತ್ತಲೇ ಇದ್ದರು. ಹುಟ್ಟೂರಿಗೆ ಮರಳಿ ನೆಲೆಸಲಾಗಲಿಲ್ಲ.

ಅವರು ಪ್ಯಾರಿಸಿನಲ್ಲಿ ತೀರಿಕೊಂಡದ್ದು 1912ರಲ್ಲಿ. ಅದೇ ವರ್ಷ ಬೈರೂತಿನಲ್ಲಿ ಅವರ ಒಂದು ನಾಟಕ ಅಚ್ಚಾಯಿತು, ಹೆಸರು 'ಈಜಿಪ್ಟಿನ ಮೊಲಿಯೇರ್ ಮತ್ತು ಅವನು ಪಡುವ ಪಾಡು'. ಮೊಲಿಯೇರ್ 1663ರಲ್ಲಿ ತನ್ನ ತಂಡದ ತಾಲೀಮನ್ನೇ ನಾಟಕವಾಗಿಸಿದ್ದ. ಆ ಜಾಡಿನಲ್ಲೇ ಸನೂ ತಮ್ಮ ಕಾಫಿಗೃಹದ ದಿನಗಳನ್ನು ಮತ್ತೆ ಕಟ್ಟಿದ್ದಾರೆ. ನಟರು ಸಂಬಳ ಹೆಚ್ಚಿಸೆಂದು ಜಗಳ ತೆಗೆಯುತ್ತಾರೆ, ನಟಿಯರು ಮುನಿಸಿಕೊಳ್ಳುತ್ತಾರೆ, ಆಟದ ಹೊತ್ತು ಹತ್ತಿರವಾಗುತ್ತಿದೆ, ಯಜಮಾನ ಒಬ್ಬೊಬ್ಬರ ಗಲ್ಲ ಹಿಡಿದು ಸಮಾಧಾನ ಮಾಡುತ್ತಿದ್ದಾನೆ. ಅವರ ಉಳಿದ ನಾಟಕಗಳು ಪುಸ್ತಕವಾಗಿ ಹೊರಬಂದದ್ದು 1963ರಲ್ಲಿ, ಅದೂ ಬೈರೂತಿನಲ್ಲೇ.